ಮದ್ಯ–ಮಾದಕವ್ಯಸನದ ಚಿಕಿತ್ಸೆ ಮತ್ತು ಸರ್ಕಾರಿ ಆರೋಗ್ಯ ವಿಮೆ

ಮದ್ಯ, ಅಫೀಮು ಮೂಲದ ಮಾದಕಗಳು, ಗಾಂಜಾ, ತಂಬಾಕು, ನಿದ್ರೆಮಾತ್ರೆ ಮುಂತಾದವುಗಳಿಗೆ ದೇಹ–ಮನಸ್ಸುಗಳು ಅಧೀನವಾದವರಿಗೆ ಭಾರತದಲ್ಲಿ ಸಾರ್ವಜನಿಕ ಹಣದಿಂದ ಎರಡು ದಾರಿಗಳಲ್ಲಿ ಚಿಕಿತ್ಸೆ ದೊರೆಯುತ್ತದೆ. ಸರ್ಕಾರಿ ಆಸ್ಪತ್ರೆಗಳೂ ಸರ್ಕಾರದ ಅನುದಾನ ಪಡೆದ ಕೇಂದ್ರಗಳೂ ನೇರವಾಗಿ ಉಚಿತವಾಗಿ ಅಥವಾ ಅಲ್ಪ ಶುಲ್ಕಕ್ಕೆ ಕೊಡುವ ಸೇವೆ ಒಂದು. ಆಯುಷ್ಮಾನ್ ಭಾರತ್, ಇಎಸ್‌ಐಯಂಥ ಯೋಜನೆಗಳು ರೋಗಿಯ ಪರವಾಗಿ ಆಸ್ಪತ್ರೆಗೆ ಹಣ ತುಂಬಿಕೊಡುವುದು ಇನ್ನೊಂದು. ‘ಕಾರ್ಡು ನಡೆಯುತ್ತದಾ?’ ಎಂದು ಆಸ್ಪತ್ರೆಯ ಕೌಂಟರಿನಲ್ಲಿ ಮನೆಯವರು ಮೊದಲು ಕೇಳುವುದು ಈ ಎರಡನೆಯ ದಾರಿಯ ಬಗ್ಗೆ. ವ್ಯಸನದ ಮಟ್ಟಿಗೆ ಆ ದಾರಿ ಸ್ವಲ್ಪ ದೂರ ಹೋಗಿ ನಿಂತುಬಿಡುತ್ತದೆ. ಮುಂದಿನ ಪಯಣಕ್ಕೆ ಮೊದಲನೆಯ ದಾರಿಯೇ ಬೇಕಾಗುತ್ತದೆ. ಈ ಮಾತನ್ನು ಯಾರೂ ಮೊದಲೇ ತಿಳಿಸದ ಕಾರಣ ಎಷ್ಟೋ ಕುಟುಂಬಗಳು ಸಾಲ ಮಾಡಿ ಖಾಸಗಿ ಕೇಂದ್ರಗಳ ಮೊರೆ ಹೋಗುತ್ತವೆ.

ನಮ್ಮ ಸರ್ಕಾರಿ ವಿಮೆಗಳು ರೂಪುಗೊಂಡದ್ದು ಆಸ್ಪತ್ರೆಗೆ ದಾಖಲಾಗಿ, ಶಸ್ತ್ರಚಿಕಿತ್ಸೆ ಮಾಡಿಸಿಕೊಂಡು, ಗುಣವಾಗಿ ಮನೆಗೆ ಮರಳುವ ರೋಗಿಯನ್ನು ಕಣ್ಣಮುಂದಿಟ್ಟುಕೊಂಡು. ವ್ಯಸನದ ನಡೆ ಹಾಗಲ್ಲ. ಸಕ್ಕರೆ ಕಾಯಿಲೆಯ ಹಾಗೆ ಅದು ವರ್ಷಗಟ್ಟಲೆ ಜೊತೆಗಿರುತ್ತದೆ, ಹತೋಟಿಗೆ ಬರುತ್ತದೆ, ಮತ್ತೆ ಕೆರಳುತ್ತದೆ. ಅದಕ್ಕೆ ಬೇಕಾದದ್ದು ಕೆಲವು ದಿನಗಳ ಹಾಸಿಗೆ ಮತ್ತು ಬಹುಕಾಲದ ಹೊರರೋಗಿ ಚಿಕಿತ್ಸೆ. ವಿಮೆ ಹಾಸಿಗೆಯ ಖರ್ಚನ್ನು ಕೊಡುತ್ತದೆ, ಉಳಿದದ್ದನ್ನು ಬಹುಪಾಲು ಕೊಡುವುದಿಲ್ಲ.

ಸಮಸ್ಯೆಯ ಗಾತ್ರ

ದೆಹಲಿಯ ಏಮ್ಸ್‌ಗೆ ಸೇರಿದ ರಾಷ್ಟ್ರೀಯ ಮಾದಕವಸ್ತು ಅವಲಂಬನೆ ಚಿಕಿತ್ಸಾ ಕೇಂದ್ರವು ಸಾಮಾಜಿಕ ನ್ಯಾಯ ಮತ್ತು ಸಬಲೀಕರಣ ಸಚಿವಾಲಯಕ್ಕಾಗಿ ನಡೆಸಿದ ಸಮೀಕ್ಷೆಯ ವರದಿ 2019ರಲ್ಲಿ ಪ್ರಕಟವಾಯಿತು. 10ರಿಂದ 75 ವರ್ಷದೊಳಗಿನ ಭಾರತೀಯರಲ್ಲಿ ಶೇ. 14.6ರಷ್ಟು, ಅಂದರೆ ಸುಮಾರು 16 ಕೋಟಿ ಜನ ಮದ್ಯ ಸೇವಿಸುತ್ತಾರೆ. ಅವರಲ್ಲಿ 5.7 ಕೋಟಿ ಜನರ ಕುಡಿತ ಹಾನಿಯ ಅಥವಾ ಅವಲಂಬನೆಯ ಮಟ್ಟ ಮುಟ್ಟಿದ್ದು, 2.9 ಕೋಟಿ ಜನ ಪೂರ್ಣ ಅವಲಂಬಿತರು. ಅಫೀಮು ಮೂಲದ ಮಾದಕಗಳಿಂದ ತೊಂದರೆಗೆ ಸಿಲುಕಿ ನೆರವು ಬೇಕಾದವರು ಸುಮಾರು 77 ಲಕ್ಷ. ಈ ವರದಿಯಲ್ಲಿ ಮನಸ್ಸಿಗೆ ನಾಟುವ ಅಂಕಿ ಬೇರೆಯೇ ಇದೆ: ಮದ್ಯಕ್ಕೆ ಅಧೀನರಾದ 38 ಮಂದಿಯಲ್ಲಿ ಒಬ್ಬರು ಮಾತ್ರ ಯಾವುದಾದರೂ ಒಂದು ಬಗೆಯ ಚಿಕಿತ್ಸೆ ಪಡೆದಿದ್ದರು. ಒಳರೋಗಿಯಾಗಿ ಚಿಕಿತ್ಸೆ ಸಿಕ್ಕಿದ್ದು 180ರಲ್ಲಿ ಒಬ್ಬರಿಗೆ. ನಿಮ್ಹಾನ್ಸ್ ನೇತೃತ್ವದಲ್ಲಿ 2015–16ರಲ್ಲಿ 12 ರಾಜ್ಯಗಳಲ್ಲಿ ನಡೆದ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆಯೂ ಹೀಗೇ ಹೇಳಿತ್ತು. ಮದ್ಯಸಂಬಂಧಿ ಕಾಯಿಲೆ ಇರುವವರಲ್ಲಿ ಶೇ. 86ರಷ್ಟು ಜನ ಚಿಕಿತ್ಸೆಯಿಂದ ಹೊರಗುಳಿದಿದ್ದರು.

ಕರ್ನಾಟಕದ ಬೊಕ್ಕಸಕ್ಕೆ ಅಬಕಾರಿಯಿಂದ ಈಚಿನ ವರ್ಷಗಳಲ್ಲಿ ತಲಾ 30,000 ಕೋಟಿ ರೂಪಾಯಿಗೂ ಹೆಚ್ಚು ವರಮಾನ ಬಂದಿದೆ. ಸಾರಾಯಿ ಮಾರಾಟವನ್ನು ರಾಜ್ಯ 2007ರ ಜುಲೈ 1ರಿಂದ ನಿಷೇಧಿಸಿತು. ಅಂದು ಸಾರಾಯಿ ಕುಡಿಯುತ್ತಿದ್ದವರ ಅವಲಂಬನೆ ಆ ಆದೇಶದಿಂದ ಮಾಯವಾಗಲಿಲ್ಲ, ಬಹಳಷ್ಟು ಜನ ಅಗ್ಗದ ವಿಸ್ಕಿ–ರಮ್ಮುಗಳಿಗೆ ಬದಲಾದರು. ಸೀಸೆಯಿಂದ ಬರುವ ಹಣದ ಸಣ್ಣ ಪಾಲನ್ನಾದರೂ ಸೀಸೆಗೆ ಸೋತವರ ಚಿಕಿತ್ಸೆಗೆಂದೇ ಕಾನೂನಿನ ಮೂಲಕ ಮೀಸಲಿಡಬೇಕೆಂಬುದು ನ್ಯಾಯವಾದ ಬೇಡಿಕೆ. ಅದಕ್ಕೆ ಎಲ್ಲ ಪಕ್ಷಗಳೂ ಕಿವಿಗೊಡಬೇಕಾಗಿದೆ.

ಚಿಕಿತ್ಸೆಯ ಹಂತಗಳು

ಯಾವ ಯೋಜನೆ ಯಾವುದಕ್ಕೆ ಹಣ ಕೊಡುತ್ತದೆ ಎಂದು ತಿಳಿಯಲು ಚಿಕಿತ್ಸೆಯ ಹಂತಗಳ ಪರಿಚಯ ಬೇಕು. ನಿತ್ಯ ಕುಡಿಯುವ ವ್ಯಕ್ತಿ ಹಠಾತ್ತನೆ ನಿಲ್ಲಿಸಿದರೆ ಮೊದಲ ದಿನದೊಳಗೇ ಕೈನಡುಕ, ಬೆವರು, ನಿದ್ರೆಗೇಡು, ವಾಕರಿಕೆ ಆರಂಭವಾಗುತ್ತವೆ. ಕೆಲವರಿಗೆ ಎರಡು ದಿನಗಳೊಳಗೆ ಫಿಟ್ಸ್ ಬರುತ್ತದೆ. ಎರಡರಿಂದ ನಾಲ್ಕನೆಯ ದಿನದ ನಡುವೆ ಸನ್ನಿ ಹಿಡಿದು, ಇಲ್ಲದ್ದನ್ನು ಕಾಣುತ್ತ, ಮನೆಯವರನ್ನೇ ಗುರುತಿಸದ ಸ್ಥಿತಿ ಬರಬಹುದು. ಚಿಕಿತ್ಸೆಯಿಲ್ಲದಿದ್ದರೆ ಇದು ಸಾವಿನಲ್ಲಿ ಮುಗಿಯಬಹುದು. 2020ರ ಲಾಕ್‌ಡೌನ್‌ನಲ್ಲಿ ಮದ್ಯದಂಗಡಿಗಳು ಏಕಾಏಕಿ ಮುಚ್ಚಿದಾಗ ಬೆಂಗಳೂರಿನ ಆಸ್ಪತ್ರೆಗಳಿಗೆ ಇಂಥ ತೀವ್ರ ಸ್ಥಿತಿಯ ರೋಗಿಗಳು ಹೆಚ್ಚಾಗಿ ಬಂದುದನ್ನು ವೈದ್ಯರು ದಾಖಲಿಸಿದ್ದಾರೆ. ‘ಕೋಣೆಯಲ್ಲಿ ಕೂಡಿಹಾಕಿದರೆ ತಾನೇ ಬಿಡುತ್ತಾನೆ’ ಎಂಬ ಊರಮಾತು ಜೀವಕ್ಕೇ ಎರವಾಗುವುದು ಇದರಿಂದಲೇ.

ಈ ಮೊದಲ ಹಂತಕ್ಕೆ ವಿಷನಿವಾರಣೆ, ಆಸ್ಪತ್ರೆಯ ಮಾತಿನಲ್ಲಿ ‘ಡಿಟಾಕ್ಸ್’, ಎನ್ನುತ್ತಾರೆ. ಕ್ಲೋರ್‌ಡಯಾಜೆಪಾಕ್ಸೈಡ್, ಲೊರಾಜೆಪಾಮ್‌ನಂಥ ಔಷಧಗಳನ್ನು ಹೆಚ್ಚಿನ ಪ್ರಮಾಣದಲ್ಲಿ ಆರಂಭಿಸಿ ದಿನದಿನಕ್ಕೆ ಇಳಿಸುತ್ತಾರೆ. ಮಿದುಳಿಗೆ ಶಾಶ್ವತ ಹಾನಿಯಾಗದಂತೆ ಥಯಮಿನ್ ಎಂಬ ಬಿ1 ಜೀವಸತ್ವವನ್ನು ಚುಚ್ಚುಮದ್ದಾಗಿ ಕೊಡುತ್ತಾರೆ. ಒಂದರಿಂದ ಎರಡು ವಾರದಲ್ಲಿ ಈ ಹಂತ ಮುಗಿಯುತ್ತದೆ. ಲಕ್ಷಣಗಳು ಸೌಮ್ಯವಾಗಿದ್ದು, ಮನೆಯಲ್ಲಿ ನೋಡಿಕೊಳ್ಳುವವರಿದ್ದರೆ, ವೈದ್ಯರ ಸಲಹೆಯಂತೆ ಮನೆಯಲ್ಲೇ ಮಾತ್ರೆ ತೆಗೆದುಕೊಂಡು ಇದನ್ನು ದಾಟಬಹುದು. ಎಲ್ಲರಿಗೂ ದಾಖಲಾತಿ ಬೇಕಿಲ್ಲ.

ನಿಜವಾದ ಕೆಲಸ ಶುರುವಾಗುವುದು ಅನಂತರ. ಕುಡಿಯುವ ಆಸೆಯನ್ನು ತಗ್ಗಿಸುವ ನಾಲ್ಟ್ರೆಕ್ಸೋನ್, ಅಕಾಂಪ್ರೊಸೇಟ್, ಬ್ಯಾಕ್ಲೊಫೆನ್‌ಗಳನ್ನು ತಿಂಗಳುಗಟ್ಟಲೆ ತೆಗೆದುಕೊಳ್ಳಬೇಕಾಗುತ್ತದೆ. ಡೈಸಲ್ಫಿರಾಮ್ ಬೇರೆ ಬಗೆಯದು. ಅದನ್ನು ತೆಗೆದುಕೊಂಡವರು ಕುಡಿದರೆ ಎದೆಬಡಿತ, ವಾಂತಿ, ರಕ್ತದೊತ್ತಡದ ಕುಸಿತ ಉಂಟಾಗುತ್ತವೆ. ‘ರೋಗಿಗೆ ತಿಳಿಯದಂತೆ ಕುಡಿತ ಬಿಡಿಸುತ್ತೇವೆ’ ಎನ್ನುವವರ ಮಾತು ನಂಬಿ ಏನೆಂದು ಗೊತ್ತಿಲ್ಲದ ಪುಡಿಯನ್ನು ಸಾರಿನಲ್ಲಿ ಬೆರೆಸಿಕೊಡುವುದು ಅಪಾಯ. ಅದರಲ್ಲಿ ಡೈಸಲ್ಫಿರಾಮ್ ಇದ್ದರೆ ಪ್ರಾಣಕ್ಕೇ ಕುತ್ತು. ಹೆರಾಯಿನ್, ನೋವಿನ ಮಾತ್ರೆಗಳಂಥ ಅಫೀಮು ಮೂಲದ ವ್ಯಸನಗಳಿಗೆ ಬುಪ್ರೆನಾರ್ಫಿನ್ ಅಥವಾ ಮೆಥಡೋನ್ ಎಂಬ ಬದಲಿ ಔಷಧಗಳಿವೆ. ಇವನ್ನು ವರ್ಷಗಟ್ಟಲೆ ಕೊಡಬೇಕಾಗಬಹುದು. ರಾಷ್ಟ್ರೀಯ ಏಡ್ಸ್ ನಿಯಂತ್ರಣ ಸಂಸ್ಥೆಯ ಕೇಂದ್ರಗಳು ಸೂಜಿಯಿಂದ ಮಾದಕ ತೆಗೆದುಕೊಳ್ಳುವವರಿಗೆ ಈ ಔಷಧಗಳನ್ನು ಉಚಿತವಾಗಿ ಕೊಡುತ್ತವೆ. ಇಂಥವರು ಬರಿಯ ಡಿಟಾಕ್ಸ್ ಮಾಡಿಸಿಕೊಂಡು ಹೊರಬಂದರೆ ಅಪಾಯ ಇನ್ನೂ ಹೆಚ್ಚು. ದೇಹದ ತಾಳಿಕೆ ಕುಗ್ಗಿರುವುದರಿಂದ ಹಳೆಯ ಪ್ರಮಾಣವೇ ಉಸಿರು ನಿಲ್ಲಿಸಬಲ್ಲದು.

ಕಾನೂನು ಕೊಟ್ಟ ಹಕ್ಕು

2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ 2018ರ ಮೇ 29ರಂದು ಜಾರಿಗೆ ಬಂತು. ಮಾನಸಿಕ ಕಾಯಿಲೆಯ ವ್ಯಾಖ್ಯೆಯಲ್ಲೇ ಅದು ಮದ್ಯ ಮತ್ತು ಮಾದಕವಸ್ತುಗಳ ದುರ್ಬಳಕೆಗೆ ಸಂಬಂಧಿಸಿದ ಮಾನಸಿಕ ಸ್ಥಿತಿಗಳನ್ನು ಸೇರಿಸಿತು. ಹಾಗಾಗಿ ಕಾಯ್ದೆಯ ಹಕ್ಕುಗಳೆಲ್ಲವೂ ವ್ಯಸನಕ್ಕೂ ಅನ್ವಯಿಸುತ್ತವೆ. 18ನೇ ಸೆಕ್ಷನ್ನಿನ ಪ್ರಕಾರ ಬಡತನದ ರೇಖೆಗಿಂತ ಕೆಳಗಿರುವವರಿಗೆ, ಬಿಪಿಎಲ್ ಕಾರ್ಡು ಕೈಯಲ್ಲಿರಲಿ ಇಲ್ಲದಿರಲಿ, ಸರ್ಕಾರ ನಡೆಸುವ ಅಥವಾ ಸರ್ಕಾರದ ಹಣ ಪಡೆಯುವ ಮಾನಸಿಕ ಆರೋಗ್ಯ ಸಂಸ್ಥೆಗಳಲ್ಲಿ ಉಚಿತ ಚಿಕಿತ್ಸೆ ಸಿಗಬೇಕು. ಮನೆಯಿಲ್ಲದವರಿಗೂ ಈ ಹಕ್ಕಿದೆ. ಈ ಒಂದು ಸೆಕ್ಷನ್ ಎಲ್ಲ ವಿಮಾ ಕಾರ್ಡುಗಳಿಗಿಂತ ಬಲವಾದದ್ದು. ಆದರೂ ಇದನ್ನು ಮುಂದಿಟ್ಟು ಕೇಳುವವರು ಬಹಳ ಕಡಿಮೆ.

21ನೇ ಸೆಕ್ಷನ್ ವಿಮಾ ಕಂಪನಿಗಳಿಗೆ ಸಂಬಂಧಿಸಿದ್ದು. ದೈಹಿಕ ಕಾಯಿಲೆಗೆ ಯಾವ ಆಧಾರದ ಮೇಲೆ ವಿಮೆ ಇದೆಯೋ ಅದೇ ಆಧಾರದ ಮೇಲೆ ಮಾನಸಿಕ ಕಾಯಿಲೆಗೂ ವಿಮೆ ಇರಬೇಕೆಂದು ಅದು ವಿಧಿಸುತ್ತದೆ. ಇದನ್ನು ಪಾಲಿಸುವಂತೆ ವಿಮಾ ನಿಯಂತ್ರಣ ಪ್ರಾಧಿಕಾರ 2018ರ ಆಗಸ್ಟ್‌ನಲ್ಲಿ ಸುತ್ತೋಲೆ ಹೊರಡಿಸಿತು. ಆದರೆ ಅದೇ ಪ್ರಾಧಿಕಾರ 2019ರಲ್ಲಿ ಹೊರಗಿಡಬಹುದಾದ ವಿಷಯಗಳ ಪ್ರಮಾಣಿತ ಪಟ್ಟಿ ಮಾಡಿದಾಗ ಕುಡಿತ, ಮಾದಕ ಅಥವಾ ಯಾವುದೇ ವ್ಯಸನಕಾರಿ ಸ್ಥಿತಿಯ ಚಿಕಿತ್ಸೆಯನ್ನೂ ಅದರ ಪರಿಣಾಮಗಳ ಚಿಕಿತ್ಸೆಯನ್ನೂ ಅದರೊಳಗೆ ಸೇರಿಸಿತು. ಕಾಯ್ದೆ ಒಳಗೆ ಕರೆದುಕೊಂಡವರನ್ನು ನಿಯಮ ಹೊರಗೆ ನಿಲ್ಲಿಸಿದಂತಾಯಿತು. ಮಾರುಕಟ್ಟೆಯ ಆರೋಗ್ಯ ವಿಮೆ ಕೊಂಡವರು ಯಕೃತ್ತಿನ ಕಾಯಿಲೆಗೆ ಹಣ ಕೇಳಿದಾಗಲೂ ‘ಮದ್ಯದಿಂದ ಬಂದದ್ದು’ ಎಂಬ ಕಾರಣಕ್ಕೆ ತಿರಸ್ಕಾರ ಎದುರಿಸುವುದು ಈ ಷರತ್ತಿನಿಂದಲೇ. ಕಾಯ್ದೆಗೂ ಈ ಷರತ್ತಿಗೂ ಇರುವ ವಿರೋಧವನ್ನು ನ್ಯಾಯಾಲಯವೋ ಸಂಸತ್ತೋ ಬಗೆಹರಿಸಲೇಬೇಕು.

ಆಯುಷ್ಮಾನ್ ಭಾರತ್ – ಆರೋಗ್ಯ ಕರ್ನಾಟಕ

ಕರ್ನಾಟಕ ಸರ್ಕಾರ 2018ರ ಮಾರ್ಚ್‌ನಲ್ಲಿ ‘ಆರೋಗ್ಯ ಕರ್ನಾಟಕ’ವನ್ನು ಆರಂಭಿಸಿತು. ಕೇಂದ್ರದ ಪ್ರಧಾನಮಂತ್ರಿ ಜನ ಆರೋಗ್ಯ ಯೋಜನೆ ಅದೇ ವರ್ಷ ಸೆಪ್ಟೆಂಬರ್ 23ರಂದು ಬಂತು. ಅಕ್ಟೋಬರ್ ಕೊನೆಯಲ್ಲಿ ಎರಡನ್ನೂ ಜೋಡಿಸಲಾಯಿತು. ರಾಜ್ಯದಲ್ಲಿ ಇದನ್ನು ನಡೆಸುವುದು ಸುವರ್ಣ ಆರೋಗ್ಯ ಸುರಕ್ಷಾ ಟ್ರಸ್ಟ್. ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಚಿಕಿತ್ಸೆ ಉಚಿತ. ಎಪಿಎಲ್ ಕುಟುಂಬಗಳಿಗೆ ಪ್ಯಾಕೇಜ್ ದರದ ಶೇ. 30ನ್ನು ಸರ್ಕಾರ ಭರಿಸುತ್ತದೆ, ಅದರ ವಾರ್ಷಿಕ ಮಿತಿ 1.5 ಲಕ್ಷ. ಕುಟುಂಬದಲ್ಲಿ ಎಷ್ಟು ಜನರಿದ್ದರೂ ವಯಸ್ಸು ಎಷ್ಟಾದರೂ ಅಡ್ಡಿಯಿಲ್ಲ, ಹಳೆಯ ಕಾಯಿಲೆ ಎಂಬ ನೆಪವೂ ನಡೆಯದು. ವ್ಯಸನಿಗಳ ಮಟ್ಟಿಗೆ ಈ ಕೊನೆಯ ಅಂಶ ದೊಡ್ಡದು. ಇಪ್ಪತ್ತು ವರ್ಷದ ಕುಡಿತ ಎಂದು ವೈದ್ಯರ ಮುಂದೆ ಸತ್ಯ ಹೇಳಿದ್ದಕ್ಕೆ ಇಲ್ಲಿ ಯಾರೂ ಕಾರ್ಡನ್ನು ತಳ್ಳಿಹಾಕುವುದಿಲ್ಲ.

ಜನ ಆರೋಗ್ಯ ಯೋಜನೆಯ ಮೊದಲ ಪಟ್ಟಿಯಲ್ಲೇ ಮಾನಸಿಕ ಕಾಯಿಲೆಗಳಿಗೆಂದು 17 ಪ್ಯಾಕೇಜುಗಳಿದ್ದವು. ಅಮಲು ಪದಾರ್ಥಗಳ ಬಳಕೆಯಿಂದ ಬರುವ ಮಾನಸಿಕ ಹಾಗೂ ವರ್ತನೆಯ ತೊಂದರೆಗಳು ಅವುಗಳಲ್ಲಿ ಒಂದು. ಈ ಪ್ಯಾಕೇಜುಗಳನ್ನು ಸರ್ಕಾರಿ ಆಸ್ಪತ್ರೆಗಳಿಗೇ ಕಾಯ್ದಿರಿಸಲಾಗಿತ್ತು. ಶಸ್ತ್ರಚಿಕಿತ್ಸೆಗೆ ಇಡಿಯಾಗಿ ಒಂದು ದರವಿದ್ದರೆ, ಇಂಥ ಔಷಧ ಚಿಕಿತ್ಸೆಗೆ ದಿನದ ಲೆಕ್ಕದಲ್ಲಿ, ವಾರ್ಡಿನ ದರ್ಜೆಯಂತೆ ಹಣ ಸಂದಾಯವಾಗುತ್ತದೆ. ದಾಖಲಾತಿಗೆ ಮುಂಚಿನ 3 ದಿನಗಳ ಮತ್ತು ಬಿಡುಗಡೆಯ ನಂತರದ 15 ದಿನಗಳ ಔಷಧ–ತಪಾಸಣೆಯ ವೆಚ್ಚವೂ ಯೋಜನೆಯೊಳಗೆ ಸೇರಿದೆ.

ಇದೇ ಯೋಜನೆ ಸಿಗದವುಗಳ ಪಟ್ಟಿಯಲ್ಲಿ ಹೊರರೋಗಿ ಚಿಕಿತ್ಸೆಯನ್ನೂ ಮಾದಕವ್ಯಸನಿಗಳ ಪುನರ್ವಸತಿಯನ್ನೂ ಹೆಸರಿಸಿದೆ. ಅಂದರೆ ಸನ್ನಿ, ಫಿಟ್ಸ್, ತೀವ್ರ ನಡುಕಗಳಿಂದ ದಾಖಲಾದರೆ ಹಣ ಇದೆ. ಆಮೇಲಿನ ಒಂದೆರಡು ತಿಂಗಳ ಪುನರ್ವಸತಿ ವಾಸಕ್ಕೆ, ಆರು ತಿಂಗಳ ಮಾತ್ರೆಗೆ, ವಾರವಾರದ ಆಪ್ತಸಮಾಲೋಚನೆಗೆ ಇಲ್ಲ. ಕಾರ್ಡು ಹಿಡಿದು ‘ರಿಹ್ಯಾಬ್’ ಹುಡುಕುವ ಕುಟುಂಬ ಬರಿಗೈಯಲ್ಲಿ ಮರಳುವುದಕ್ಕೆ ಇದು ಕಾರಣ. ‘ನಿಮ್ಮ ಆಯುಷ್ಮಾನ್ ಕಾರ್ಡು ತೆಗೆದುಕೊಂಡು ಮೂರು ತಿಂಗಳು ಇಟ್ಟುಕೊಳ್ಳುತ್ತೇವೆ’ ಎಂದು ಯಾವುದಾದರೂ ಖಾಸಗಿ ಕೇಂದ್ರ ಫೋನಿನಲ್ಲಿ ಭರವಸೆ ಕೊಟ್ಟರೆ ಆ ಮಾತನ್ನು ಟ್ರಸ್ಟಿನ ಸಹಾಯವಾಣಿಯಲ್ಲಿ ಪರೀಕ್ಷಿಸದೆ ಹೆಜ್ಜೆ ಮುಂದಿಡಬಾರದು.

ಕಾರ್ಡು ಇನ್ನೊಂದು ಕಡೆಯಿಂದಲೂ ನೆರವಿಗೆ ಬರುತ್ತದೆ, ಬಹುಶಃ ಹೆಚ್ಚು ಸಲ ಆ ಕಡೆಯಿಂದಲೇ. ಯಕೃತ್ತಿನ ವೈಫಲ್ಯ, ಮೇದೋಜೀರಕದ ಊತ, ರಕ್ತವಾಂತಿ, ಕುಡಿದು ಬಿದ್ದು ಮುರಿದ ಮೂಳೆ, ಇವೆಲ್ಲಕ್ಕೂ ಸಾಮಾನ್ಯ ವೈದ್ಯಕೀಯದ ಮತ್ತು ಶಸ್ತ್ರಚಿಕಿತ್ಸೆಯ ಪ್ಯಾಕೇಜುಗಳಿವೆ. ಒಬ್ಬ ರೋಗಿ ಇಂಥ ಕಾರಣಗಳಿಗೆ ವರ್ಷದಲ್ಲಿ ಹಲವು ಸಲ ದಾಖಲಾಗಿ ಮನೆಗೆ ಹೋಗುತ್ತಾನೆ. ಮೂಲದಲ್ಲಿರುವ ಕಾಯಿಲೆಯ ಬಗ್ಗೆ ಒಮ್ಮೆಯೂ ಮನೋವೈದ್ಯರು ಅವನನ್ನು ನೋಡಿರುವುದಿಲ್ಲ. ಸಾರ್ವಜನಿಕ ಹಣದ ಇಂಥ ವ್ಯಯ ನೋವಿನದು, ಏಕೆಂದರೆ ಪ್ರತಿ ದಾಖಲಾತಿಯೂ ಕಳೆದುಕೊಂಡ ಒಂದು ಅವಕಾಶ. ಹಾಸಿಗೆಯ ಮೇಲೆ, ಭಯದ ಆ ಗಳಿಗೆಯಲ್ಲಿ, ಬಿಡಬೇಕೆಂಬ ಮನಸ್ಸು ಎಂದಿಗಿಂತ ಹತ್ತಿರದಲ್ಲಿರುತ್ತದೆ. ಮನೆಯವರು ಡ್ಯೂಟಿ ಡಾಕ್ಟರ ಬಳಿ ‘ಇದೇ ಆಸ್ಪತ್ರೆಯ ಮನೋವೈದ್ಯ ವಿಭಾಗಕ್ಕೆ ಒಂದು ರೆಫರಲ್ ಬರೆಯಿರಿ’ ಎಂದು ಕೇಳಿದರೆ ಸಾಕು. ವೈದ್ಯಕೀಯ ಕಾಲೇಜುಗಳ ಆಸ್ಪತ್ರೆಗಳಲ್ಲಿ ಮನೋವೈದ್ಯ ವಿಭಾಗ ಇರುತ್ತದೆ. ಆ ಚೀಟಿಗೆ ಪ್ರತ್ಯೇಕ ಕಾರ್ಡು ಬೇಡ.

ಕರ್ನಾಟಕದ ಯೋಜನೆಯಲ್ಲಿ ಕ್ಲಿಷ್ಟ ಚಿಕಿತ್ಸೆಗಳಿಗೆ ಮೊದಲು ಸರ್ಕಾರಿ ಆಸ್ಪತ್ರೆಗೆ ಹೋಗಬೇಕು. ಅಲ್ಲಿ ಸೌಲಭ್ಯ ಇಲ್ಲದಿದ್ದರೆ ಮಾತ್ರ ರೆಫರಲ್ ಪಡೆದು ನೋಂದಾಯಿತ ಖಾಸಗಿ ಆಸ್ಪತ್ರೆಗೆ ಹೋಗಬಹುದು. ತುರ್ತು ಸ್ಥಿತಿಗೆ ರೆಫರಲ್ ಬೇಕಿಲ್ಲ. ಆಧಾರ್ ಮತ್ತು ರೇಷನ್ ಕಾರ್ಡು ಜೊತೆಗಿರಬೇಕು. ಆಸ್ಪತ್ರೆಯಲ್ಲಿ ಕೂರುವ ಆರೋಗ್ಯಮಿತ್ರ ಎಂಬ ಸಿಬ್ಬಂದಿ ಅರ್ಹತೆ ನೋಡಿ ಮುಂಗಡ ಅನುಮತಿಯ ಕಾಗದಗಳನ್ನು ಕಳಿಸುತ್ತಾರೆ. ಅನುಮತಿ ತರುವುದು ಆಸ್ಪತ್ರೆಯ ಕೆಲಸ. ರೋಗಿಯ ಕಡೆಯವರನ್ನು ಅದಕ್ಕಾಗಿ ಕಚೇರಿಯಿಂದ ಕಚೇರಿಗೆ ಅಲೆಸುವುದು ತಪ್ಪು. ರಾಜ್ಯದಲ್ಲಿ 104, ಕೇಂದ್ರ ಯೋಜನೆಗೆ 14555 ಸಹಾಯವಾಣಿಗಳಿವೆ.

ಕಾರ್ಡು ಕೊಡದ ಇನ್ನೊಂದು ವೆಚ್ಚವಿದೆ. ವ್ಯಸನ ಚಿಕಿತ್ಸೆಗೆ ದಾಖಲಾದವರ ಜೊತೆ ಸಾಮಾನ್ಯವಾಗಿ ಮನೆಯವರೊಬ್ಬರು ಇರಬೇಕಾಗುತ್ತದೆ. ಹೆಚ್ಚಾಗಿ ಅದು ಹೆಂಡತಿ ಅಥವಾ ತಾಯಿ. ಕೂಲಿಯಿಂದ ಬದುಕುವ ಮನೆಯಲ್ಲಿ ರೋಗಿಯ ಮತ್ತು ಜೊತೆಗಿರುವವರ ಎರಡು ವಾರದ ದುಡಿಮೆ ನಿಂತುಹೋದರೆ, ಚಿಕಿತ್ಸೆ ಕಾಗದದ ಮೇಲೆ ಉಚಿತವಾಗಿದ್ದರೂ ಮನೆಗೆ ಉಚಿತವಲ್ಲ. ಅರ್ಧದಲ್ಲೇ ಡಿಸ್ಚಾರ್ಜ್ ಕೇಳುವವರನ್ನು ಬೈಯುವ ಮುನ್ನ ಇದನ್ನು ನೆನೆಯಬೇಕು.

ಇಎಸ್‌ಐ ಮತ್ತು ಇತರ ಯೋಜನೆಗಳು

ಹೊರರೋಗಿ ಚಿಕಿತ್ಸೆಯನ್ನೂ ಒಳಗೊಳ್ಳುವ ಸರ್ಕಾರಿ ವಿಮೆ ಇಎಸ್‌ಐ. ತಿಂಗಳಿಗೆ 21,000 ರೂಪಾಯಿವರೆಗೆ ವೇತನ ಪಡೆಯುವ ಕಾರ್ಮಿಕರಿಗೂ ಅವರ ಕುಟುಂಬಕ್ಕೂ ಡಿಸ್ಪೆನ್ಸರಿಯಿಂದ ಆಸ್ಪತ್ರೆಯವರೆಗೆ ಸೇವೆ ಇದೆ. ಪೀಣ್ಯದ ಕಾರ್ಖಾನೆಯಲ್ಲೋ ಗಾರ್ಮೆಂಟ್ಸ್‌ನಲ್ಲೋ ದುಡಿಯುವವರು ತಮ್ಮ ಡಿಸ್ಪೆನ್ಸರಿಯಿಂದ ರೆಫರಲ್ ಪಡೆದು ಇಎಸ್‌ಐ ಆಸ್ಪತ್ರೆಯ ಮನೋವೈದ್ಯರನ್ನು ಕಾಣಬಹುದು. ತಿಂಗಳುಗಟ್ಟಲೆ ಮಾತ್ರೆ ಬೇಕಾದ ಕಾಯಿಲೆಗೆ ಒಪ್ಪುವ ವ್ಯವಸ್ಥೆ ಇದು. ಕೇಂದ್ರ ನೌಕರರ ಸಿಜಿಎಚ್‌ಎಸ್‌ನಲ್ಲೂ ಹೊರರೋಗಿ ಸೌಲಭ್ಯವಿದೆ. ರಾಜ್ಯ ನೌಕರರಿಗೆಂದು ಬಂದ ಜ್ಯೋತಿ ಸಂಜೀವಿನಿ ಹೃದಯ, ಕ್ಯಾನ್ಸರ್, ನರ, ಮೂತ್ರಪಿಂಡದಂಥ ಏಳು ವಿಭಾಗಗಳ ಉನ್ನತ ಚಿಕಿತ್ಸೆಗೆ ರೂಪುಗೊಂಡದ್ದು, ಮನೋವೈದ್ಯ ಅದರಲ್ಲಿರಲಿಲ್ಲ. ಸಹಕಾರಿಗಳ ಯಶಸ್ವಿನಿ ಮುಖ್ಯವಾಗಿ ಶಸ್ತ್ರಚಿಕಿತ್ಸೆಗಳ ಯೋಜನೆ.

ಕಾರ್ಡು ಕೇಳದ ಬಾಗಿಲುಗಳು

ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ವ್ಯಸನಮುಕ್ತಿ ವಿಭಾಗ 1991ರಲ್ಲಿ ಆರಂಭವಾಯಿತು. ಈಗ ಅದು ವ್ಯಸನ ವೈದ್ಯಕೀಯ ಕೇಂದ್ರ. ಮದ್ಯ, ತಂಬಾಕು, ಗಾಂಜಾ, ಮಾತ್ರೆಗಳ ವ್ಯಸನಗಳಿಗೆ ಹೊರರೋಗಿ ಮತ್ತು ಒಳರೋಗಿ ಸೇವೆ ಅಲ್ಲಿದೆ. ಮೊಬೈಲು, ಆನ್‌ಲೈನ್ ಆಟಗಳ ಅತಿಬಳಕೆಗೆ 2014ರಲ್ಲಿ ಪ್ರತ್ಯೇಕ ಕ್ಲಿನಿಕ್ ತೆರೆದದ್ದೂ ಇದೇ ಸಂಸ್ಥೆ. ಉತ್ತರ ಕರ್ನಾಟಕದವರಿಗೆ ಬ್ರಿಟಿಷರ ಕಾಲದ ಮಾನಸಿಕ ಆಸ್ಪತ್ರೆಯಿಂದ ಬೆಳೆದ ಧಾರವಾಡದ ಡಿಮ್ಹಾನ್ಸ್ ಹತ್ತಿರ.

ನಿಮ್ಹಾನ್ಸ್‌ಗೇ ಹೋಗಬೇಕೆಂದು ಬೀದರಿನಿಂದಲೋ ಕಾರವಾರದಿಂದಲೋ ರಾತ್ರಿ ಬಸ್ಸು ಹತ್ತುವ ಮೊದಲು ಜಿಲ್ಲಾಸ್ಪತ್ರೆಯನ್ನು ನೋಡಬೇಕು. ಮಾನಸಿಕ ಆರೋಗ್ಯ ಸೇವೆಯನ್ನು ಜಿಲ್ಲೆಗೆ, ತಾಲ್ಲೂಕಿಗೆ ಕೊಂಡೊಯ್ಯುವ ಯೋಚನೆಯನ್ನು ನಿಮ್ಹಾನ್ಸ್ 1980ರ ದಶಕದಲ್ಲಿ ಪ್ರಯೋಗಿಸಿದ್ದು ಬಳ್ಳಾರಿಯಲ್ಲಿ. ಅದರ ಯಶಸ್ಸಿನ ಮೇಲೆ 1996ರಲ್ಲಿ ದೇಶಕ್ಕೆ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮ ಬಂತು. ಇಂದು ದೇಶದ ಮೂಲೆಮೂಲೆಯಲ್ಲಿರುವ ಆ ಕಾರ್ಯಕ್ರಮದ ತವರು ನಮ್ಮ ಬಳ್ಳಾರಿ ಎಂಬುದು ಕನ್ನಡಿಗರಿಗೇ ಅಷ್ಟಾಗಿ ಗೊತ್ತಿಲ್ಲ. ಇದರಡಿ ಜಿಲ್ಲಾ ತಂಡದಲ್ಲಿ ಮನೋವೈದ್ಯರು, ಮನಶ್ಶಾಸ್ತ್ರಜ್ಞರು, ಸಮಾಜಕಾರ್ಯಕರ್ತರು ಇರುತ್ತಾರೆ. ರಾಜ್ಯದ ‘ಮನೋಚೈತನ್ಯ’ ಕಾರ್ಯಕ್ರಮದಲ್ಲಿ ನಿಗದಿತ ಮಂಗಳವಾರಗಳಂದು ತಾಲ್ಲೂಕು ಆಸ್ಪತ್ರೆಗಳಲ್ಲಿ ಮನೋವೈದ್ಯರ ಕ್ಲಿನಿಕ್ ನಡೆಯುತ್ತದೆ. ತಪಾಸಣೆಯೂ ಅಲ್ಲಿ ದಾಸ್ತಾನಿರುವ ಮಾತ್ರೆಗಳೂ ಉಚಿತ. ದಾಸ್ತಾನು ಎಲ್ಲ ಕಡೆಯೂ ಎಲ್ಲ ಕಾಲಕ್ಕೂ ಇರುವುದಿಲ್ಲ ಎಂಬುದು ಈ ವ್ಯವಸ್ಥೆಯ ನಿಜವಾದ ಬಿರುಕು. ಹಾಗಾಗಿ ಕ್ಲಿನಿಕ್ಕಿನ ದಿನವನ್ನೂ ಮಾತ್ರೆಯ ಲಭ್ಯತೆಯನ್ನೂ ಮೊದಲೇ ವಿಚಾರಿಸಿಕೊಳ್ಳುವುದು ಒಳ್ಳೆಯದು.

ವಿಮೆ ಕೈಬಿಟ್ಟ ಪುನರ್ವಸತಿಯನ್ನು ನೋಡಿಕೊಳ್ಳುವುದು ಬೇರೆಯೇ ಸಚಿವಾಲಯ. ಕೇಂದ್ರದ ಸಾಮಾಜಿಕ ನ್ಯಾಯ ಸಚಿವಾಲಯ ಸ್ವಯಂಸೇವಾ ಸಂಸ್ಥೆಗಳಿಗೆ ಅನುದಾನ ಕೊಟ್ಟು ಸಮಗ್ರ ಪುನರ್ವಸತಿ ಕೇಂದ್ರಗಳನ್ನು ನಡೆಸುತ್ತದೆ. ದೇಶದಲ್ಲಿ ಇಂಥವು ಮುನ್ನೂರಕ್ಕೂ ಹೆಚ್ಚಿವೆ. ಊಟ, ವಸತಿ, ಔಷಧ, ಆಪ್ತಸಮಾಲೋಚನೆ ಎಲ್ಲವೂ ಅಲ್ಲಿ ಉಚಿತವಾಗಿರಬೇಕು. ಸರ್ಕಾರಿ ಆಸ್ಪತ್ರೆಗಳೊಳಗೇ ವ್ಯಸನ ಚಿಕಿತ್ಸಾ ಘಟಕ ತೆರೆಯಲೂ ಇದೇ ಸಚಿವಾಲಯ ಹಣ ಕೊಡುತ್ತಿದೆ. 2020ರ ಆಗಸ್ಟ್ 15ರಂದು 272 ಜಿಲ್ಲೆಗಳಲ್ಲಿ ಆರಂಭವಾದ ನಶಾ ಮುಕ್ತ ಭಾರತ ಅಭಿಯಾನದ ಜಾಲತಾಣದಲ್ಲಿ ಈ ಕೇಂದ್ರಗಳನ್ನು ನಕ್ಷೆಯ ಮೇಲೆ ಗುರುತಿಸಲಾಗಿದೆ. 14446 ಇದರ ಉಚಿತ ಸಹಾಯವಾಣಿ. ಆಸ್ಪತ್ರೆ ಒಂದು ಸಚಿವಾಲಯದ್ದು, ಪುನರ್ವಸತಿ ಇನ್ನೊಂದರದ್ದು. ಡಿಸ್ಚಾರ್ಜ್ ಆದ ರೋಗಿಯನ್ನು ಒಂದು ಬಾಗಿಲಿನಿಂದ ಇನ್ನೊಂದಕ್ಕೆ ಕೈಹಿಡಿದು ಕರೆದೊಯ್ಯುವ ಹೊಣೆಯನ್ನು ಯಾರಿಗಾದರೂ ಸ್ಪಷ್ಟವಾಗಿ ವಹಿಸುವ ತನಕ ನಡುವೆ ಜಾರಿಹೋಗುವವರು ಇದ್ದೇ ಇರುತ್ತಾರೆ.

ಕರ್ನಾಟಕದ ಹಳ್ಳಿಗಳಲ್ಲಿ ಚಿಕಿತ್ಸೆ ಎಂದರೆ ಬಹಳ ಜನರಿಗೆ ನೆನಪಾಗುವುದು ಧರ್ಮಸ್ಥಳದ ಮದ್ಯವರ್ಜನ ಶಿಬಿರ. ಶ್ರೀ ಕ್ಷೇತ್ರ ಧರ್ಮಸ್ಥಳ ಗ್ರಾಮಾಭಿವೃದ್ಧಿ ಯೋಜನೆಯೂ ಜನಜಾಗೃತಿ ವೇದಿಕೆಯೂ ಊರಿನ ಕಲ್ಯಾಣಮಂಟಪದಲ್ಲೋ ಸಮುದಾಯಭವನದಲ್ಲೋ ಏರ್ಪಡಿಸುವ ಈ ಶಿಬಿರಗಳು ಸುಮಾರು ಎಂಟು ದಿನಗಳವು. ವ್ಯಾಯಾಮ, ಭಜನೆ, ಆಪ್ತಸಲಹೆ, ಕುಟುಂಬದವರ ಭಾಗವಹಿಸುವಿಕೆ ಇವುಗಳ ಸ್ವರೂಪ. ಕುಡಿತ ಬಿಟ್ಟವರ ನವಜೀವನ ಸಮಿತಿಗಳು ಆಮೇಲೂ ಸಭೆ ಸೇರುತ್ತವೆ. ಊರಿನ ಎದುರು ತಲೆಯೆತ್ತಿ ನಿಲ್ಲುವ ಬಲವನ್ನು ಈ ಶಿಬಿರಗಳು ಕೊಡುತ್ತವೆ, ಅದು ಸಣ್ಣ ಮಾತಲ್ಲ. ಆದರೆ ಹಿಂದೆ ಫಿಟ್ಸ್ ಅಥವಾ ಸನ್ನಿ ಬಂದವರು, ಕಾಮಾಲೆ ಇರುವವರು ಶಿಬಿರಕ್ಕೂ ಮುಂಚೆ ಆಸ್ಪತ್ರೆಗೆ ಹೋಗಲೇಬೇಕು. ಭಾರತದಲ್ಲಿ 1957ರಿಂದ ಇರುವ ಆಲ್ಕೊಹಾಲಿಕ್ಸ್ ಅನಾನಿಮಸ್‌ನ ಸಭೆಗಳಿಗೆ ಶುಲ್ಕವೂ ಇಲ್ಲ, ಹೆಸರು ಹೇಳುವ ಬಲವಂತವೂ ಇಲ್ಲ.

ಎಲ್ಲಿಂದ ಆರಂಭಿಸಬೇಕೆಂದು ತಿಳಿಯದವರಿಗೆ ಸುಲಭದ ಮೊದಲ ಹೆಜ್ಜೆ ಒಂದು ಫೋನ್ ಕರೆ. 2022ರ ಅಕ್ಟೋಬರ್ 10ರಂದು ಆರಂಭವಾದ ಟೆಲಿ–ಮಾನಸ್‌ನ 14416ಕ್ಕೆ ಹಗಲಿರುಳು ಉಚಿತವಾಗಿ ಕನ್ನಡದಲ್ಲೇ ಮಾತಾಡಬಹುದು. ಇದರ ರಾಷ್ಟ್ರಮಟ್ಟದ ಮುಖ್ಯ ಕೇಂದ್ರ ನಿಮ್ಹಾನ್ಸ್. ತಂಬಾಕು ಬಿಡಲು ಬಯಸುವವರಿಗೆ 1800-11-2356. ಕರೆ ಮಾಡುವವರು ವ್ಯಸನಿಯೇ ಆಗಿರಬೇಕಿಲ್ಲ. ಕುಡಿಯುವವರು ಚಿಕಿತ್ಸೆಗೆ ಒಪ್ಪದಿದ್ದರೂ ಹೆಂಡತಿ, ಮಕ್ಕಳು ತಮಗಾಗಿಯೇ ಸಲಹೆ ಕೇಳಬಹುದು.

ಕೇಂದ್ರವನ್ನು ಪರೀಕ್ಷಿಸುವುದು

ವ್ಯಸನಿಗಳನ್ನು ದಾಖಲಿಸಿಕೊಂಡು ಚಿಕಿತ್ಸೆ ಕೊಡುವ ಕೇಂದ್ರ ಮಾನಸಿಕ ಆರೋಗ್ಯ ಸಂಸ್ಥೆಯಾಗಿ ರಾಜ್ಯ ಮಾನಸಿಕ ಆರೋಗ್ಯ ಪ್ರಾಧಿಕಾರದಲ್ಲಿ ನೋಂದಣಿ ಮಾಡಿಸಿರಬೇಕು. ಆ ಪ್ರಮಾಣಪತ್ರವನ್ನು ತೋರಿಸಿ ಎಂದು ಕೇಳುವ ಹಕ್ಕು ಎಲ್ಲರಿಗೂ ಇದೆ. ಮನೋವೈದ್ಯರು ಯಾವ ದಿನ ಬರುತ್ತಾರೆ, ರಾತ್ರಿ ನರ್ಸ್ ಇರುತ್ತಾರೆಯೇ, ಫಿಟ್ಸ್ ಬಂದರೆ ಯಾವ ಆಸ್ಪತ್ರೆಗೆ ಒಯ್ಯುತ್ತಾರೆ, ಮನೆಯವರು ವಾರಕ್ಕೆ ಎಷ್ಟು ಸಲ ನೋಡಬಹುದು ಎಂಬ ಪ್ರಶ್ನೆಗಳಿಗೆ ತಡವರಿಸದ ಉತ್ತರ ಸಿಗಬೇಕು. ರಾತ್ರೋರಾತ್ರಿ ವ್ಯಾನಿನಲ್ಲಿ ಎತ್ತಿಕೊಂಡು ಹೋಗುತ್ತೇವೆ ಎನ್ನುವ, ಮೂರು ತಿಂಗಳು ಮುಖ ನೋಡಲೂ ಬಿಡದ, ಹೊಡೆದು ಸರಿಮಾಡುತ್ತೇವೆ ಎನ್ನುವ ಜಾಗಗಳು ಚಿಕಿತ್ಸಾಲಯಗಳೇ ಅಲ್ಲ. ಸರಪಳಿಯಲ್ಲಿ ಬಿಗಿಯುವುದನ್ನು ಮಾನಸಿಕ ಆರೋಗ್ಯ ಕಾಯ್ದೆಯ 95ನೇ ಸೆಕ್ಷನ್ ನಿಷೇಧಿಸಿದೆ. ತಾನಾಗಿ ಒಪ್ಪುವ ಸ್ಥಿತಿಯಲ್ಲಿಲ್ಲದ ರೋಗಿಯನ್ನು ಆಪ್ತರ ಕೋರಿಕೆಯ ಮೇಲೆ ದಾಖಲಿಸಲು 89ನೇ ಸೆಕ್ಷನ್ ಅವಕಾಶ ಕೊಡುತ್ತದೆ. ಅದಕ್ಕೆ ಷರತ್ತುಗಳಿವೆ, ಮೊದಲ ಅವಧಿ 30 ದಿನ ಮೀರುವಂತಿಲ್ಲ, ಪುನರ್ವಿಮರ್ಶಾ ಮಂಡಳಿಗೆ ತಿಳಿಸಲೇಬೇಕು.

ಗಾಂಜಾ, ಹೆರಾಯಿನ್ ಬಳಸುವವರ ಮನೆಯವರನ್ನು ಕಾಡುವುದು ಪೊಲೀಸರ ಭಯ. 1985ರ ಮಾದಕವಸ್ತು ಕಾಯ್ದೆಯ 64ಎ ಸೆಕ್ಷನ್ ಇಲ್ಲಿ ನೆರವಿಗೆ ಬರುತ್ತದೆ. ಸ್ವಂತ ಸೇವನೆ ಅಥವಾ ಸಣ್ಣ ಪ್ರಮಾಣದ ಆರೋಪ ಎದುರಿಸುವ ವ್ಯಸನಿ ತಾನಾಗಿ ಮಾನ್ಯತೆ ಪಡೆದ ಸಂಸ್ಥೆಯಲ್ಲಿ ಚಿಕಿತ್ಸೆಗೆ ಮುಂದಾಗಿ ಅದನ್ನು ಪೂರೈಸಿದರೆ ಮೊಕದ್ದಮೆಯಿಂದ ರಕ್ಷಣೆ ಇದೆ. ಆಸ್ಪತ್ರೆಯ ದಾಖಲೆಗಳ ಗೋಪ್ಯತೆಯನ್ನು ಮಾನಸಿಕ ಆರೋಗ್ಯ ಕಾಯ್ದೆಯೇ ಕಾಪಾಡುತ್ತದೆ.

ಅಮೆರಿಕದ ಕನ್ನಡಿಗರು

ಹೊರನಾಡಿನ ಕನ್ನಡಿಗರು ಹೆಚ್ಚಾಗಿರುವ ಅಮೆರಿಕದಲ್ಲಿ ಬಡವರ ಸರ್ಕಾರಿ ವಿಮೆ 1965ರಲ್ಲಿ ಆರಂಭವಾದ ಮೆಡಿಕೇಯ್ಡ್. ಅದರ ಸ್ವರೂಪ ನಮ್ಮದಕ್ಕೆ ತದ್ವಿರುದ್ಧ. 16ಕ್ಕಿಂತ ಹೆಚ್ಚು ಹಾಸಿಗೆಗಳ ಮಾನಸಿಕ ಹಾಗೂ ವ್ಯಸನ ಸಂಸ್ಥೆಗಳಲ್ಲಿ 21ರಿಂದ 64 ವರ್ಷದವರ ವಾಸಕ್ಕೆ ಮೂಲ ಕಾನೂನು ಹಣ ಕೊಡುವುದಿಲ್ಲ. ರಾಜ್ಯಗಳು ಕೇಂದ್ರದಿಂದ ವಿಶೇಷ ಅನುಮತಿ ಪಡೆದು ಈ ತಡೆಯನ್ನು ಸಡಿಲಿಸಿಕೊಂಡಿವೆ. ಹೊರರೋಗಿ ಚಿಕಿತ್ಸೆಗೂ ಔಷಧಕ್ಕೂ ಅಲ್ಲಿ ಹಣವಿದೆ. ಅಫೀಮು ಮೂಲದ ವ್ಯಸನದ ಔಷಧಗಳನ್ನು ಎಲ್ಲ ರಾಜ್ಯಗಳೂ ಕೊಡಲೇಬೇಕೆಂದು 2018ರ ಕಾಯ್ದೆಯೊಂದು ವಿಧಿಸಿದ್ದು, ಅದು 2020ರ ಅಕ್ಟೋಬರ್‌ನಿಂದ ಜಾರಿಯಲ್ಲಿದೆ. ಕೆಲಸದ ವೀಸಾದಲ್ಲಿರುವ ನಮ್ಮವರಿಗೆ ಮೆಡಿಕೇಯ್ಡ್ ಸಾಮಾನ್ಯವಾಗಿ ಸಿಗದು. ಗ್ರೀನ್ ಕಾರ್ಡ್ ಬಂದ ಮೇಲೂ ಹೆಚ್ಚಿನ ವಯಸ್ಕರು ಐದು ವರ್ಷ ಕಾಯಬೇಕು. ಅವರಿಗೆ ಆಧಾರ ಕಂಪನಿಯ ವಿಮೆ. ಅದರಲ್ಲಿ ವ್ಯಸನ ಚಿಕಿತ್ಸೆ ಇದ್ದರೆ ದೈಹಿಕ ಕಾಯಿಲೆಗಿಂತ ಕಠಿಣ ಷರತ್ತು ಹಾಕಬಾರದೆಂದು 2008ರ ಸಮಾನತೆಯ ಕಾಯ್ದೆ ಹೇಳುತ್ತದೆ.

ಬಿಡುಗಡೆಯ ನಂತರ

ಡಿಟಾಕ್ಸ್ ಮುಗಿಸಿದವರಲ್ಲಿ ಮರುಕಳಿಕೆ ಮೊದಲ ಕೆಲವು ತಿಂಗಳಲ್ಲೇ ಹೆಚ್ಚು. ಆಯುಷ್ಮಾನ್ ಯೋಜನೆಯ ಹದಿನೈದು ದಿನಗಳ ಔಷಧ ಮುಗಿಯುವುದೂ ಈ ಅವಧಿಯಲ್ಲೇ. ಆದ್ದರಿಂದ ಡಿಸ್ಚಾರ್ಜ್ ದಿನವೇ ಕೇಳಿ ಬರೆಸಿಕೊಳ್ಳಬೇಕಾದ ಸಂಗತಿಗಳಿವೆ: ರೋಗನಿರ್ಣಯದ ಹೆಸರು, ಮಾತ್ರೆಗಳ ಹೆಸರು ಮತ್ತು ಎಷ್ಟು ಕಾಲ ಎಂಬ ಸೂಚನೆ, ಯಕೃತ್ತಿನ ಪರೀಕ್ಷೆ ಮತ್ತೆ ಯಾವಾಗ, ಮುಂದಿನ ಭೇಟಿಯ ದಿನಾಂಕ. ಇದೇ ಮಾತ್ರೆ ತಾಲ್ಲೂಕು ಅಥವಾ ಜಿಲ್ಲಾಸ್ಪತ್ರೆಯಲ್ಲಿ ಸಿಗುತ್ತದೆಯೇ ಎಂದೂ, ಸಿಗದಿದ್ದರೆ ಅಲ್ಲಿ ಸಿಗುವ ಬದಲಿ ಯಾವುದು ಎಂದೂ ವಾರ್ಡಿನ ವೈದ್ಯರಿಂದಲೇ ತಿಳಿದುಕೊಳ್ಳಬೇಕು. ಜಿಲ್ಲಾ ಮಾನಸಿಕ ಆರೋಗ್ಯ ತಂಡಕ್ಕೆ ಒಂದು ಪತ್ರ ಬರೆಸಿಕೊಂಡರೆ ಅಲ್ಲಿ ಕಥೆಯನ್ನು ಮೊದಲಿನಿಂದ ಹೇಳುವ ಕಷ್ಟ ತಪ್ಪುತ್ತದೆ. ಮತ್ತೆ ಕುಡಿದರೆ ಚಿಕಿತ್ಸೆ ಸೋತಿತೆಂದು ಯಾರೂ ಕೈಚೆಲ್ಲಬಾರದು. ಎರಡನೆಯ, ಮೂರನೆಯ ದಾಖಲಾತಿಗೂ ಅದೇ ಕಾರ್ಡು ನಡೆಯುತ್ತದೆ. ಕುಟುಂಬದ ವಾರ್ಷಿಕ ಮಿತಿ ಮುಗಿಯದಿರುವ ತನಕ ಇಷ್ಟೇ ಸಲ ಎಂದು ಹೇಳಿ ವಾಪಸು ಕಳಿಸಲು ಕೌಂಟರಿನವರಿಗೆ ಅಧಿಕಾರವಿಲ್ಲ.